ಮದುವೆ ಮನೆಯಲ್ಲಿ ಎರಡು ಕ್ಯಾಮೆರಾ, ಒಂದೇ ಆಳು

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಇಂಥ ಸಮಾರಂಭಗಳಲ್ಲಿ ನಾವು ಯಾವಾಗಲೂ ವೇದಿಕೆಯ ಕೆಳಗೆ ಇರುವವರು. ಹಾರ ಹಾಕುವಾಗ "ಸ್ವಾಮಿ, ಸ್ವಲ್ಪ ಈ ಕಡೆ ನೋಡಿ" ಅನ್ನುವುದೇ ನಮ್ಮ ಭಾಷಣ. ಅದಕ್ಕಿಂತ ಹೆಚ್ಚು ಮಾತಾಡಿ ಅಭ್ಯಾಸವಿಲ್ಲ. ಈ ಸಲ ಕಾರ್ಯದರ್ಶಿಗಳು ಅಂಗಡಿಗೇ ಬಂದು, "ಸಂಘದಿಂದ ಸಾಲ ತಗೊಂಡು ಕಸುಬು ಹಿಡಿದೋರು ನಾಲ್ಕು ಜನ ಮಾತಾಡ್ಲಿ ಅಂತ ತೀರ್ಮಾನ ಆಗೈತೆ. ನೀವು ಒಬ್ಬರೇ ಫೋಟೋನೂ ವಿಡಿಯೋನೂ ಹೆಂಗೆ ತೆಗೀತೀರಿ, ಅದನ್ನೇ ಹೇಳಿ" ಅಂದರು. ಆಗಲಿ ಅಂದೆವು. ತಪ್ಪಿದ್ದರೆ ಹಿರಿಯರು ಹೊಟ್ಟೆಗೆ ಹಾಕಿಕೊಳ್ಳಬೇಕು.

"ನಾವು, ನಾವು" ಅನ್ನುತ್ತೇವಲ್ಲ ಅಂತ ಯಾರೂ ನಗಬೇಡಿ. ಮದುವೆ ಮನೆಗೆ ಹೋಗೋದು ಒಬ್ಬರೇ. ಆದರೆ ರಾತ್ರಿ ಕೂತು ಫೋಟೋ ಆರಿಸೋದು, ಆಲ್ಬಮ್ಮಿಗೆ ಜೋಡಿಸೋದು, ಯಾರ ಸೋದರಮಾವನ ಮುಖ ಬಿಟ್ಟುಹೋಗಿದೆ ಅಂತ ಹುಡುಕೋದು ನಮ್ಮ ಮನೆಯವರು. ಅವರನ್ನೂ ಸೇರಿಸಿ ನಾವು.

ಈ ಸಂಘ ಶುರುವಾದ ಕಾಲಕ್ಕೆ ನಾವು ಕಸುಬಿಗೆ ಇಳಿದದ್ದು ಲೈಟು ಹಿಡಿಯುವ ಹುಡುಗನಾಗಿ. ಆಗ ಒಂದು ಮದುವೆಗೆ ನಾಲ್ಕು ಆಳು ಬೇಕಿತ್ತು. ಫೋಟೋ ತೆಗೆಯುವವರು ಒಬ್ಬರು, ವಿಡಿಯೋದವರು ಒಬ್ಬರು, ಲೈಟಿಗೆ ಒಬ್ಬ, ವೈರು ಎಳೆದು ಸುತ್ತೋದಕ್ಕೆ ಇನ್ನೊಬ್ಬ. ಪ್ಯಾನಸಾನಿಕ್ಕಿನ ದೊಡ್ಡ ಕ್ಯಾಮೆರಾ ಹೆಗಲ ಮೇಲೆ, ಅದರೊಳಗೆ ಮೂರು ಗಂಟೆಯ ವಿ.ಎಚ್.ಎಸ್. ಕ್ಯಾಸೆಟ್ಟು. ನಮ್ಮ ಕೈಯಲ್ಲಿ 1000 ವ್ಯಾಟಿನ ಹ್ಯಾಲೋಜನ್ ದೀಪ. ಅದರ ಝಳಕ್ಕೆ ಮದುಮಗಳ ಕುಂಕುಮ ಇಳಿದು ಮೂಗಿನವರೆಗೆ ಬರುತ್ತಿತ್ತು. "ಲೈಟು ಆ ಕಡೆ ತಿರುಗಿಸೋ ಮಾರಾಯ" ಅಂತ ಪುರೋಹಿತರ ಕೈಲಿ ಬೈಸಿಕೊಳ್ಳದ ಮದುವೆಯೇ ಇಲ್ಲ. ಫೋಟೋದವರದ್ದು ರೀಲು ಲೆಕ್ಕ. ಒಂದು ರೀಲಿಗೆ 36 ಫೋಟೋ, ಅದೃಷ್ಟ ಇದ್ದರೆ 37. ಐದು ರೀಲು ಅಂತ ಮಾತಾಗಿದ್ದರೆ ಐದೇ ರೀಲು. ಹಾಗಾಗಿ ಅವರು ಕ್ಲಿಕ್ ಮಾಡೋಕೆ ಮುಂಚೆ ಯೋಚನೆ ಮಾಡುತ್ತಿದ್ದರು. ಈಗ ನಾವು ಎರಡು ಸಾವಿರ ಕ್ಲಿಕ್ ಮಾಡಿ ಆಮೇಲೆ ಯೋಚನೆ ಮಾಡುತ್ತೇವೆ.

2008ರಲ್ಲಿ ನಿಕಾನ್ ಡಿ90, ಅದೇ ವರ್ಷ ಕ್ಯಾನನ್ 5ಡಿ ಮಾರ್ಕ್ 2 ಬಂದವು. ಫೋಟೋ ತೆಗೆಯುವ ಕ್ಯಾಮೆರಾದಲ್ಲೇ ವಿಡಿಯೋನೂ ಬರುತ್ತೆ ಅಂತ ಆಯಿತು. ನಮ್ಮ ಹೋಬಳಿಗೆ ಆ ಗಾಳಿ ಬರೋಕೆ ಇನ್ನೂ ಕೆಲವು ವರ್ಷ ಹಿಡಿಯಿತು. ಬಂದಾಗ ನಾವು ಸಂಘದ ಬಾಗಿಲಿಗೆ ಬಂದೆವು. ಇಬ್ಬರು ಸದಸ್ಯರು ಜಾಮೀನು ಹಾಕಿದರು. ಅವರಿಬ್ಬರೂ ಇಲ್ಲೇ ಕೂತಿದ್ದಾರೆ, ಹೆಸರು ಹೇಳಿದರೆ ಬೈಯುತ್ತಾರೆ. ಸಂಘದವರು ಮಾಡಿದ ಒಂದು ಉಪಕಾರ ಮಾತ್ರ ಹೇಳಲೇಬೇಕು. ಆಷಾಢದಲ್ಲಿ, ಧನುರ್ಮಾಸದಲ್ಲಿ ಮದುವೆ ಇಲ್ಲ, ನಮಗೆ ದುಡಿಮೆ ಇಲ್ಲ. ಆ ತಿಂಗಳುಗಳ ಕಂತನ್ನು ಮಾಘ, ವೈಶಾಖಕ್ಕೆ ಸೇರಿಸಿ ಕಟ್ಟಿ ಅಂದರು. ಬೆಳೆ ಸಾಲಕ್ಕೆ ಕೊಯ್ಲಿನ ಲೆಕ್ಕ ಇದ್ದ ಹಾಗೆ ನಮ್ಮ ಸಾಲಕ್ಕೆ ಲಗ್ನದ ಲೆಕ್ಕ.

ಆಮೇಲೆ 2020 ಬಂತು. ಕೊರೊನಾ ಕಾಲದಲ್ಲಿ ಮದುವೆಗೆ 50 ಜನಕ್ಕಿಂತ ಹೆಚ್ಚು ಸೇರಬಾರದು ಅಂತ ಸರ್ಕಾರದ ಆದೇಶ ಆಯಿತಲ್ಲ, ಆಗ ಪ್ರತಿಯೊಂದು ತಲೆಗೂ ಲೆಕ್ಕ. ನಾಲ್ಕು ಜನ ಫೋಟೋದವರನ್ನು ಕರೆದರೆ ಇಬ್ಬರು ಚಿಕ್ಕಪ್ಪಂದಿರನ್ನು, ಇಬ್ಬರು ಅತ್ತೆಯರನ್ನು ಬಿಡಬೇಕು. "ನೀವೊಬ್ಬರೇ ಬಂದ್ಬಿಡಿ" ಅನ್ನೋ ಮಾತು ಆಗ ಶುರುವಾಗಿದ್ದು, ಇವತ್ತಿಗೂ ನಿಂತಿಲ್ಲ.

ಒಬ್ಬರೇ ಎರಡೂ ಮಾಡಬಹುದಾ ಅಂದರೆ, ಮಾಡಬಹುದು. ಎರಡನ್ನೂ ಪೂರ್ತಿ ಮಾಡೋಕೆ ಆಗೋಲ್ಲ. ಇದನ್ನು ಮದುವೆ ಮನೆಯವರಿಗೆ ಮೊದಲೇ ಹೇಳಬೇಕು. ಹೇಳದೆ ಮುಂಗಡ ಇಸಕೊಳ್ಳೋದು ಸರಿಯಲ್ಲ ಅಂತ ನಮಗೆ ತಡವಾಗಿ ಗೊತ್ತಾಯಿತು. ಅದು ಹೇಗೆ ಅಂತ ಆಮೇಲೆ ಹೇಳುತ್ತೇವೆ. ಮೊದಲು ತೊಡಕು ಎಲ್ಲಿದೆ ಅಂತ ನೋಡೋಣ.

ವಿಡಿಯೋ ಅಂದರೆ ಸೆಕೆಂಡಿಗೆ 25 ಚಿತ್ರ ಓಡುತ್ತೆ. ಒಂದೊಂದು ಚಿತ್ರಕ್ಕೂ ಸೆಕೆಂಡಿನ 50ರಲ್ಲಿ ಒಂದು ಭಾಗದಷ್ಟು ಹೊತ್ತು ಬೆಳಕು ಬಿಟ್ಟರೆ ನಡೆಯೋದು, ಕೈ ಎತ್ತೋದು ಎಲ್ಲ ಸಹಜವಾಗಿ ಕಾಣುತ್ತೆ. ನಮ್ಮ ಕರೆಂಟು ಕೂಡ 50 ಸೈಕಲ್ಲಿನದು. ಅದರಿಂದ 50ಕ್ಕೋ 100ಕ್ಕೋ ಇಟ್ಟರೆ ಛತ್ರದ ಟ್ಯೂಬ್‌ಲೈಟು ವಿಡಿಯೋದಲ್ಲಿ ಮಿಣಮಿಣ ಅನ್ನೋದಿಲ್ಲ. ಫೋಟೋಕ್ಕೆ ಬೇಕಾಗಿರೋದು ಇದರ ಉಲ್ಟಾ. ಅಕ್ಷತೆ ಎರಚಿದಾಗ ಕಾಳು ಗಾಳಿಯಲ್ಲಿ ನಿಂತ ಹಾಗೆ ಕಾಣಬೇಕಾದರೆ 250ರಲ್ಲಿ ಒಂದು ಭಾಗ, ಅದಕ್ಕೂ ಚುರುಕಾಗಿ ಹೊಡೀಬೇಕು. ಇನ್ನು ಫ್ಲ್ಯಾಶು. ಫೋಟೋಕ್ಕೆ ಫ್ಲ್ಯಾಶ್ ಹಾಕಿದರೆ ಪಕ್ಕದಲ್ಲಿ ಓಡುತ್ತಿರುವ ನಮ್ಮದೇ ವಿಡಿಯೋದಲ್ಲಿ ಅರ್ಧ ಪರದೆ ಬೆಳ್ಳಗೆ ಹೊಡೆದುಬಿಡುತ್ತೆ. ಒಬ್ಬರೇ ಆದ್ದರಿಂದ ಜಗಳ ಆಡೋಕೂ ಯಾರೂ ಸಿಗಲ್ಲ.

"ಅಷ್ಟೆಲ್ಲ ಯಾಕೆ ಸ್ವಾಮಿ, ವಿಡಿಯೋದಿಂದಲೇ ಫೋಟೋ ಕಿತ್ತುಕೊಂಡರೆ ಆಗಲ್ವಾ" ಅಂತ ಕೇಳ್ತಾರೆ. ಕೀಳಬಹುದು. 4ಕೆ ವಿಡಿಯೋದ ಒಂದು ಚಿತ್ರದಲ್ಲಿ ಅಡ್ಡಕ್ಕೆ 3840, ಉದ್ದಕ್ಕೆ 2160 ಚುಕ್ಕಿ. ಒಟ್ಟು 83 ಲಕ್ಷದ ಹತ್ತಿರ. ಚೆನ್ನಾಗಿ ಪ್ರಿಂಟಾಗಬೇಕಾದರೆ ಇಂಚಿಗೆ 300 ಚುಕ್ಕಿ ಬೇಕು ಅಂತ ಇಟ್ಟುಕೊಳ್ಳಿ, ಆಗ 12-13 ಇಂಚು ಅಗಲ ಬರುತ್ತೆ. ಈಗಿನ ದೊಡ್ಡ ಆಲ್ಬಮ್ಮು ಬಿಡಿಸಿದರೆ 36 ಇಂಚು. ಅಲ್ಲದೆ ಆಗಲೇ ಹೇಳಿದ ಹಾಗೆ 50ರಲ್ಲಿ ಒಂದು ಭಾಗ ಬೆಳಕು ಬಿಟ್ಟಿರುವುದರಿಂದ ಓಡಾಡುತ್ತಿರುವ ಕೈಯೆಲ್ಲ ಕಲಸಿಹೋಗಿರುತ್ತೆ. ಸುಮ್ಮನೆ ಕೂತಿರುವ ಅಜ್ಜಿಯ ಮುಖ ಕಿತ್ತುಕೊಳ್ಳಬಹುದು, ತಾಳಿಗೆ ಗಂಟು ಹಾಕುತ್ತಿರುವ ಕೈ ಕೀಳೋಕೆ ಆಗಲ್ಲ.

ಅದಕ್ಕೇ ನಾವು ಮದುವೆಗೆ ಹತ್ತು ದಿನ ಮುಂಚೆ ಮನೆಗೆ ಹೋಗಿ ಕೂರುತ್ತೇವೆ. ಮನೆಯ ಹಿರಿಯ ಹೆಂಗಸರು ಒಬ್ಬರು ಎದುರಿಗೆ ಇರಲೇಬೇಕು. ಗಂಡಸರಿಗೆ ಶಾಸ್ತ್ರದ ಕ್ರಮ ಗೊತ್ತಿರಲ್ಲ, ಗೊತ್ತು ಅಂತಾರೆ. ಚಪ್ಪರದಿಂದ ಹಿಡಿದು ಅರಿಶಿನ, ಗಂಗೆ ತರೋದು, ವರಪೂಜೆ, ತೆರೆ ಹಿಡಿಯೋದು, ಜೀರಿಗೆ ಬೆಲ್ಲ, ಮಾಂಗಲ್ಯ, ಧಾರೆ, ಸಪ್ತಪದಿ, ಹೆಣ್ಣು ಒಪ್ಪಿಸೋದು ಎಲ್ಲ ಸಾಲಾಗಿ ಬರೆದುಕೊಂಡು ಒಂದೊಂದರ ಮುಂದೂ ಫೋಟೋನೋ ವಿಡಿಯೋನೋ ಅಂತ ಗುರುತು ಹಾಕುತ್ತೇವೆ. ನಿಂತು ಕಾಣುವಂಥದ್ದಕ್ಕೆ ಫೋಟೋ. ಕಳಶ, ಆರತಿ ತಟ್ಟೆ, ಭಾಸಿಂಗ, ಒಡವೆ, ಮನೆಮಂದಿಯ ಗುಂಪು, ಇವನ್ನೆಲ್ಲ ವಿಡಿಯೋದಲ್ಲಿ ಎರಡು ನಿಮಿಷ ತೋರಿಸಿದರೆ ನೋಡುವವರು ಆಕಳಿಸುತ್ತಾರೆ. ಧ್ವನಿ ಇರುವಂಥದ್ದಕ್ಕೆ ವಿಡಿಯೋ. ಸೋಬಾನೆ ಹಾಡೋದು, ಮೈದುನ ಕಾಲೆಳೆಯೋದು, ಮಕ್ಕಳ ಗಲಾಟೆ, ಹೆಣ್ಣು ಒಪ್ಪಿಸುವಾಗ ಆಡುವ ಮಾತು. ಸೋಬಾನೆ ಹಾಡುವ ಅಜ್ಜಿಯಂದಿರು ಊರಲ್ಲಿ ಎಷ್ಟು ಜನ ಉಳಿದಿದ್ದಾರೆ ನೀವೇ ಎಣಿಸಿ. ಅವರ ಫೋಟೋ ನೂರಿದ್ದರೂ ಪದ ಕೇಳಿಸೋಲ್ಲ.

ಎರಡೂ ಬೇಕಾಗಿರೋದು ಮಾಂಗಲ್ಯ ಮತ್ತು ಧಾರೆಗೆ. ಅಲ್ಲಿ ವಿಡಿಯೋ ಕ್ಯಾಮೆರಾವನ್ನು ಹುಡುಗಿಯ ಎಡಗಡೆಗೆ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ, ತಲೆಗಳಿಗಿಂತ ಮೇಲಕ್ಕೆ ಏರಿಸಿ, ಮಂಟಪವೆಲ್ಲ ಕಾಣುವ ಹಾಗೆ ಅಗಲಕ್ಕೆ ಇಟ್ಟು ಓಡೋಕೆ ಬಿಡುತ್ತೇವೆ. ನಾವು ಬಲಗಡೆಯಿಂದ ಇನ್ನೊಂದು ಕ್ಯಾಮೆರಾದಲ್ಲಿ ಫೋಟೋ. ಫ್ಲ್ಯಾಶ್ ಹಾಕಲ್ಲ. ಅದರ ಬದಲು ಎರಡು ಎಲ್‌ಇಡಿ ದೀಪ ಮೊದಲೇ ಕಂಬಕ್ಕೆ ಕಟ್ಟಿರುತ್ತೇವೆ. "ಗಟ್ಟಿಮೇಳ" ಅಂದ ತಕ್ಷಣ ಕುರ್ಚಿಯಲ್ಲಿದ್ದವರೆಲ್ಲ ಎದ್ದು ಮೊಬೈಲು ಎತ್ತುತ್ತಾರೆ, ಆಗ ಎಷ್ಟು ಎತ್ತರದ ಸ್ಟ್ಯಾಂಡಾದರೂ ಸಾಲದು. ಮೊಬೈಲಿನವರ ಮೇಲೆ ನಮಗೆ ಕೋಪವಿಲ್ಲ. ಯಾಕಿಲ್ಲ ಅನ್ನೋದೂ ಮುಂದೆ ಬರುತ್ತೆ.

ಈಗ ತಡವಾಗಿ ಗೊತ್ತಾದ ವಿಷಯ. 2017ರಲ್ಲಿ ಪಕ್ಕದ ತಾಲ್ಲೂಕಿನ ಒಂದು ಮದುವೆ. ಊರು, ಹೆಸರು ಬೇಡ. ಹುಡುಗಿಯ ತಂದೆ ಬಲು ಗಟ್ಟಿ ದನಿಯ ಮನುಷ್ಯ. ಹಿಂದಿನ ದಿನದಿಂದ ಊಟದ ಮನೆ, ಅಡಿಗೆ ಮನೆ ಎಲ್ಲ ಅವರದೇ ಓಡಾಟ. ನಾವು ಒಬ್ಬರೇ. ಮಾಂಗಲ್ಯಕ್ಕೆ ಮುಂಚೆ ಸ್ಟ್ಯಾಂಡಿನ ಕ್ಯಾಮೆರಾ ಓಡಿಸಿ ನಾವು ಫೋಟೋಕ್ಕೆ ನಿಂತೆವು. ಮಾಂಗಲ್ಯ ಆಯಿತು. ಧಾರೆಗೆ ಜನ ಸಾಲು ನಿಂತರು. ನಮ್ಮ ಕಡೆ ಧಾರೆ ಅಂದರೆ ತಮಗೆ ಗೊತ್ತು, ಬಂದವರೆಲ್ಲ ಒಂದೊಂದು ಉದ್ಧರಣೆ ಹಾಲು ಎರೆದೇ ಊಟಕ್ಕೆ ಹೋಗೋದು. ಹೆಣ್ಣು ಒಪ್ಪಿಸೋದು ಮಧ್ಯಾಹ್ನ ಊಟದ ಮೇಲೆ ಅಂತ ನಮ್ಮ ಪಟ್ಟಿಯಲ್ಲಿತ್ತು. ಅಷ್ಟರಲ್ಲಿ ಯಾರೋ ಹಿರಿಯರು "ರಾಹುಕಾಲ ಬರ್ತದೆ, ಈಗಲೇ ಒಪ್ಪಿಸಿಬಿಡಿ" ಅಂದರು. ಧಾರೆ ಸಾಲು ನಿಂತಿದ್ದ ಹಾಗೇ ತಂದೆ ತಾಯಿ ಮುಂದೆ ಬಂದು ಮಗಳ ಕೈಯನ್ನು ಅಳಿಯನ ಕೈಯಲ್ಲಿಟ್ಟರು. ತಂದೆ ಏನೋ ನಾಲ್ಕು ಮಾತು ಆಡಿದರು. ಅಷ್ಟು ಗಟ್ಟಿ ದನಿಯವರು ಅವತ್ತು ಮೆಲ್ಲಗೆ ಆಡಿದರು, ವಾಲಗದ ಸದ್ದಿನಲ್ಲಿ ನಮಗೆ ಕೇಳಿಸಲಿಲ್ಲ. ವಿಡಿಯೋ ಓಡ್ತಾ ಇದೆಯಲ್ಲ ಅಂತ ನಾವು ಒಂದರ ಹಿಂದೆ ಒಂದು ಫೋಟೋ ಹೊಡೆದೆವು. ಒಳ್ಳೆ ಫೋಟೋಗಳು.

ವಿಡಿಯೋ ಓಡುತ್ತಿರಲಿಲ್ಲ. ಆ ಕ್ಯಾಮೆರಾ 29 ನಿಮಿಷ 59 ಸೆಕೆಂಡಿಗೆ ತಾನಾಗಿ ನಿಲ್ಲುವಂಥದ್ದು. ಯಾಕೆ ಹಾಗೆ ಅಂದರೆ, 30 ನಿಮಿಷಕ್ಕೆ ಮೀರಿ ವಿಡಿಯೋ ತೆಗೆಯುವ ಯಂತ್ರವನ್ನು ವಿಡಿಯೋ ಕ್ಯಾಮೆರಾ ಅಂತ ಎಣಿಸಿ ಯೂರೋಪಿನಲ್ಲಿ ಹೆಚ್ಚು ಸುಂಕ ಹಾಕುತ್ತಿದ್ದರು. ಸುಂಕ ತಪ್ಪಿಸೋಕೆ ಕಂಪನಿಯವರು ಒಂದು ಸೆಕೆಂಡು ಮುಂಚೆ ನಿಲ್ಲಿಸುವ ಹಾಗೆ ಮಾಡಿದರು. ಎಲ್ಲಿಯದೋ ಸುಂಕ, ಎಲ್ಲಿಯದೋ ಮದುವೆ. ನಮಗೆ ಇದು ಗೊತ್ತಿರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತೆ. ಗೊತ್ತಿತ್ತು. ಪ್ರತಿ ಸಲ 25 ನಿಮಿಷಕ್ಕೆ ಹೋಗಿ ಒತ್ತಿ ಬರುತ್ತಿದ್ದೆವು. ಅವತ್ತು ಒಂದೇ ಆಳು, ವೇದಿಕೆಯ ಮೇಲೆ ಸಿಕ್ಕಿಹಾಕಿಕೊಂಡು ಮರೆತೆವು.

ಮನೆಯವರೇನೂ ಕೇಳಲಿಲ್ಲ. ಆಲ್ಬಮ್ಮು ಕೊಟ್ಟೆವು, ವಿಡಿಯೋ ಕೊಟ್ಟೆವು, ಬಾಕಿ ಇಸಕೊಂಡೆವು. ಏಳು ತಿಂಗಳ ಮೇಲೆ ಆ ಹುಡುಗಿ ಗಂಡನ ಜೊತೆ ಅಂಗಡಿಗೆ ಬಂದಳು. ತಂದೆ ಹೋಗಿಬಿಟ್ಟಿದ್ದರು. "ಅಣ್ಣಾ, ಕೈ ಹಿಡಿದು ಕೊಟ್ಟಾಗ ಅಪ್ಪ ಏನೋ ಅಂದ್ರು. ನಾನು ಅಳ್ತಾ ಇದ್ದೆ, ಕೇಳಿಸ್ಕೊಳ್ಳಿಲ್ಲ. ಇವರಿಗೂ ಸರಿಯಾಗಿ ನೆನಪಿಲ್ಲ. ವಿಡಿಯೋದಲ್ಲಿ ಅದು ಇಲ್ಲ, ನಿಮ್ಮ ಹತ್ರ ಕಟ್ ಮಾಡಿದ್ದು ಏನಾದ್ರೂ ಇರ್ತದಾ" ಅಂತ ಕೇಳಿದಳು.

ನಾವು ನಿಜ ಹೇಳಿದೆವು. ಕ್ಯಾಮೆರಾ ನಿಂತುಹೋಗಿತ್ತು, ನಾವು ನೋಡಿಕೊಳ್ಳಲಿಲ್ಲ, ನಮ್ಮ ತಪ್ಪು ಅಂತ. ಅವಳು ಏನೂ ಅನ್ನಲಿಲ್ಲ, ಅದೇ ಕಷ್ಟವಾಯಿತು. ಆಲ್ಬಮ್ಮಿನಲ್ಲಿ ಆ ಫೋಟೋ ಇದೆ. ಅವರ ಬಾಯಿ ತೆರೆದಿದೆ, ಮಾತಾಡುತ್ತಿದ್ದಾರೆ ಅಂತ ಕಾಣುತ್ತೆ.

ಅವತ್ತು ರಾತ್ರಿ ನಮ್ಮ ಮನೆಯವರೂ ನಾವೂ ಕೂತು ಆ ಮದುವೆಯ ಎಲ್ಲ ವಿಡಿಯೋ ತುಣುಕನ್ನೂ ಮೊದಲಿಂದ ನೋಡಿದೆವು. ಜೋಡಿಸುವಾಗ ಬೇಡ ಅಂತ ಬಿಟ್ಟಿದ್ದರಲ್ಲಿ ಊಟದ ಮನೆಯದೊಂದು ಸಿಕ್ಕಿತು. ಪಂಕ್ತಿ ಕೂತಿದೆ, ನಾವು ಎಲೆಯ ಸಾಲು ತೋರಿಸುತ್ತಾ ಹೋಗಿದ್ದೇವೆ, ಹಿಂದಿನಿಂದ ಅವರ ದನಿ: "ಅಲ್ಲೆರಡು ಎಲೆ ಖಾಲಿ ಅವೆ, ಕೂತ್ಕಳಿ. ಏಯ್, ಪಾಯಸ ಈ ಕಡೀಕೆ ತನ್ರೋ. ಯಾರೂ ಅವಸರ ಮಾಡ್ಬೇಡಿ, ನಿಧಾನಕ್ಕೆ ಊಟ ಮಾಡಿ." ಹನ್ನೊಂದು ಸೆಕೆಂಡು. ಮುಖ ಕಾಣಲ್ಲ. ಅದನ್ನೇ ಬೇರೆ ಮಾಡಿ ಕೊಟ್ಟೆವು. ಅವರ ನೆಂಟರಲ್ಲಿ ಒಬ್ಬ ಹುಡುಗನ ಮೊಬೈಲಿನಲ್ಲಿ ಹಾಲು ಎರೆಯುವಾಗ ಅವರು ನಗುವ ಸದ್ದು ಸ್ವಲ್ಪ ಸಿಕ್ಕಿತು. ಮೊಬೈಲಿನವರ ಮೇಲೆ ಕೋಪವಿಲ್ಲ ಅಂದದ್ದು ಅದಕ್ಕೆ. ಒಪ್ಪಿಸುವಾಗ ಆಡಿದ ಮಾತು ಮಾತ್ರ ಯಾರ ಹತ್ತಿರವೂ ಇರಲಿಲ್ಲ.

ಅಲ್ಲಿಂದೀಚೆಗೆ ಕ್ರಮ ಬದಲಾಯಿಸಿದೆವು. ಬೆಂಕಿಪೊಟ್ಟಣದಷ್ಟು ಸಣ್ಣ ಧ್ವನಿ ರೆಕಾರ್ಡರು ಒಂದು ಮದುಮಗನ ಜೇಬಿನಲ್ಲಿ, ಕಾಲರ್ ಮೈಕು ಶಲ್ಯದ ಅಂಚಿನಲ್ಲಿ. ಬೆಳಿಗ್ಗೆ ಶುರು ಮಾಡಿದರೆ ಊಟದವರೆಗೂ ಅದು ನಿಲ್ಲಲ್ಲ. ಮೊದಲಿಗೆ ಒಂದು ಚಪ್ಪಾಳೆ ತಟ್ಟಿಬಿಡುತ್ತೇವೆ. ಆಮೇಲೆ ಆ ಚಪ್ಪಾಳೆ ಸದ್ದಿಗೆ ವಿಡಿಯೋದಲ್ಲಿ ಕೈ ಸೇರೋದನ್ನು ಕೂಡಿಸಿದರೆ ಮಾತೂ ತುಟಿಯೂ ಒಂದಾಗುತ್ತೆ. ನಾದಸ್ವರ, ಡೋಲು ಹತ್ತಿರ ಬಂದರೆ ಧ್ವನಿ ಒಡೆಯುತ್ತೆ, ಅದಕ್ಕೆ ರೆಕಾರ್ಡರಿನ ಮಟ್ಟ ತಗ್ಗಿಸಿಯೇ ಇಡಬೇಕು. ಸಣ್ಣದನ್ನು ಆಮೇಲೆ ಏರಿಸಬಹುದು, ಒಡೆದದ್ದನ್ನು ಸರಿ ಮಾಡೋಕಾಗಲ್ಲ. ಆ ಸುಂಕ ಈಗ ಹೋಗಿದೆ. ಅರ್ಧ ಗಂಟೆಯ ಮಿತಿ ಇಲ್ಲದ ಕ್ಯಾಮೆರಾಗಳೂ ಬಂದಿವೆ. ಆದರೂ ಬೇಸಿಗೆ ಛತ್ರದಲ್ಲಿ ಕ್ಯಾಮೆರಾ ಕಾದು ತಾನೇ ಆರಿಹೋಗುತ್ತೆ. ಅದಕ್ಕೆ ಮದುವೆ ಮನೆಯ ಹತ್ತು ಹನ್ನೆರಡು ವರ್ಷದ ಹುಡುಗನನ್ನೋ ಹುಡುಗಿಯನ್ನೋ ಸ್ಟ್ಯಾಂಡಿನ ಪಕ್ಕ ಕುರ್ಚಿ ಹಾಕಿ ಕೂರಿಸುತ್ತೇವೆ. "ಈ ಕೆಂಪು ಚುಕ್ಕಿ ಆರಿದರೆ ಓಡಿಬಂದು ನಮ್ಮ ಅಂಗಿ ಎಳಿ" ಅಷ್ಟೇ ಕೆಲಸ. ಇಷ್ಟು ವರ್ಷದಲ್ಲಿ ಒಂದು ಮಗುವೂ ಮರೆತಿಲ್ಲ.

ಕಾರ್ಡಿನ ವಿಷಯ ಬೇಗ ಹೇಳಿಬಿಡುತ್ತೇವೆ. ನಾವು ತೆಗೆಯುವ 4ಕೆ ವಿಡಿಯೋ ಗಂಟೆಗೆ 45 ಜಿ.ಬಿ. ತಿನ್ನುತ್ತೆ. ಎರಡು ಕಾರ್ಡಿಗೆ ಒಟ್ಟಿಗೆ ಬರೆಯುವ ಕ್ಯಾಮೆರಾ ಆದರೆ ಒಂದು ಕೆಟ್ಟರೂ ಇನ್ನೊಂದು ಇರುತ್ತೆ. ಮನೆಗೆ ಬಂದ ರಾತ್ರಿಯೇ ಎರಡು ಹಾರ್ಡ್ ಡಿಸ್ಕಿಗೆ ಇಳಿಸಿ, ಒಂದನ್ನು ಅಂಗಡಿಯಲ್ಲಿ, ಒಂದನ್ನು ಮನೆಯಲ್ಲಿ ಇಡುತ್ತೇವೆ. ಆಲ್ಬಮ್ಮು ಕೈಸೇರುವವರೆಗೆ ಕಾರ್ಡು ಅಳಿಸಲ್ಲ.

ದುಡ್ಡಿನ ಮಾತಿಗೆ ಬಂದರೆ, "ಒಬ್ಬರೇ ಬರ್ತೀರಿ, ಅರ್ಧ ತಗೊಳ್ಳಿ" ಅಂತಾರೆ. ಛತ್ರದಲ್ಲಿ ಒಬ್ಬರು, ನಿಜ. ಆದರೆ ಒಂದು ದಿನದ ಮದುವೆಗೆ ಆಮೇಲೆ ಮೂರು ನಾಲ್ಕು ದಿನ ಕಂಪ್ಯೂಟರ್ ಮುಂದೆ ಕೂರಬೇಕು. ಇಬ್ಬರು ಹಂಚಿಕೊಳ್ಳುತ್ತಿದ್ದ ಆ ಕೆಲಸ ಈಗ ಒಂದೇ ಬೆನ್ನಿಗೆ. ಇನ್ನು ಒಂದೇ ಹೊತ್ತಿಗೆ ಗಂಡಿನ ಮನೆಯಲ್ಲೊಂದು ಶಾಸ್ತ್ರ, ಹೆಣ್ಣಿನ ಮನೆಯಲ್ಲೊಂದು ಶಾಸ್ತ್ರ ಅಂದರೆ ನಾವು ಒಪ್ಪೋದೇ ಇಲ್ಲ. ಇನ್ನೊಬ್ಬರನ್ನು ಕರೆಸಿ ಅಂತೀವಿ, ಇಲ್ಲವೇ ನಾವೇ ಪಕ್ಕದ ಊರಿನವರನ್ನು ಜೊತೆಗೆ ಕರೆದುಕೊಳ್ಳುತ್ತೇವೆ. ಮೊದಲು ಎಲ್ಲದಕ್ಕೂ ಹ್ಞೂಂ ಅನ್ನುತ್ತಿದ್ದೆವು, ಸಾಲದ ಕಂತು ಕಣ್ಣ ಮುಂದೆ ಇತ್ತು.

ಫೋಟೋ ಯಾರದ್ದು ಅಂತಲೂ ಜಗಳ ಆಗುತ್ತೆ. 1957ರ ಕೃತಿಸ್ವಾಮ್ಯ ಕಾಯಿದೆ 17ನೇ ಕಲಮಿನ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೋ, ವಿಡಿಯೋದ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರದ್ದೇ. ಹಾಗಾಗಿ ನಾವು ನಿಮ್ಮ ಮಗಳ ಮದುವೆ ಫೋಟೋವನ್ನು ಅಂಗಡಿ ಗಾಜಿಗೆ ಅಂಟಿಸಬೇಕಾದರೂ, ಮೊಬೈಲಿನಲ್ಲಿ ಹಾಕಬೇಕಾದರೂ ನಿಮ್ಮನ್ನು ಕೇಳಬೇಕು. ಕೇಳದೆ ಹಾಕಿದ್ದರೆ ಬಂದು ತೆಗೆಸಿ.

ಕೊನೆಯದಾಗಿ ತಾಯಂದಿರಲ್ಲಿ ಒಂದು ವಿನಂತಿ. ನಿಮ್ಮಲ್ಲಿ ಬಹಳ ಜನರ ಮದುವೆಯ ಕ್ಯಾಸೆಟ್ಟು ಇನ್ನೂ ಅಟ್ಟದ ಮೇಲೋ ಬೀರುವಿನ ತಳದಲ್ಲೋ ಇವೆ. ಅದನ್ನು ಹಾಕಿ ನೋಡುವ ವಿ.ಸಿ.ಆರ್. ಯಂತ್ರವನ್ನು ಪ್ರಪಂಚದಲ್ಲಿ ಕೊನೆಯವರೆಗೂ ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿಯವರೇ 2016ರ ಜುಲೈನಲ್ಲಿ ನಿಲ್ಲಿಸಿಬಿಟ್ಟರು. ಇರುವ ಹಳೆ ಯಂತ್ರಗಳು ಕೆಡುತ್ತಿವೆ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಟೇಪಿನ ಅಂಚಿಗೆ ಬೆಳ್ಳಗೆ ಬೂಷ್ಟು ಕಂಡರೆ ದಯವಿಟ್ಟು ಯಂತ್ರಕ್ಕೆ ಹಾಕಬೇಡಿ, ಟೇಪೂ ಹೋಗುತ್ತೆ, ಯಂತ್ರದ ಹೆಡ್ಡೂ ಹೋಗುತ್ತೆ. ಅದನ್ನು ಮೊದಲು ಒರೆಸಬೇಕು, ಅದಕ್ಕೆ ಕ್ರಮ ಇದೆ. ನಮ್ಮ ಹತ್ತಿರ ಕೆಲಸ ಮಾಡುವ ಯಂತ್ರ ಒಂದಿದೆ. ಈ ಬೆಳ್ಳಿಹಬ್ಬದ ವರ್ಷ ಸಂಘದ ಸದಸ್ಯರ ಮನೆಯ ಕ್ಯಾಸೆಟ್ಟುಗಳನ್ನು ಪೆನ್ ಡ್ರೈವಿಗೆ ಇಳಿಸಿಕೊಡುತ್ತೇವೆ. ಪೆನ್ ಡ್ರೈವು ನೀವು ತನ್ನಿ, ಕೂಲಿ ಬೇಡ. ಕ್ಯಾಸೆಟ್ಟಿನ ಮೇಲೆ ಮನೆ ಹೆಸರು ಬರೆದು ಸಂಘದ ಕಛೇರಿಯಲ್ಲಿ ಕೊಟ್ಟರೆ ಸಾಕು, ಕಾರ್ಯದರ್ಶಿಗಳು ಒಪ್ಪಿದ್ದಾರೆ. ಆಷಾಢದಲ್ಲಿ ಕೊಡಿ, ಆಗ ನಮಗೆ ಬಿಡುವು.

ಇನ್ನು ಹಿರಿಯ ಸದಸ್ಯರಿಗೆ ಸನ್ಮಾನ ಇದೆ. ಕ್ಯಾಮೆರಾ ಈಗ ನಮ್ಮ ಮನೆಯವರ ಕೈಲಿದೆ, ಬೇಗ ಇಳಿಯಿರಿ ಅಂತ ಆಗಲಿಂದ ಸನ್ನೆ ಮಾಡುತ್ತಿದ್ದಾರೆ.